ಬಚ್ಚಲ ನೀರು, ತೆಂಗಿನ ಬೇರು: ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಹಿತ್ತಲ ತರಕಾರಿಯ ಬೇಸಿಗೆ ನೀರಾವರಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ನೀರಿನ ಮಾತು ಬಂತೆಂದರೆ ಅದು ತೋಟದ ಮಾತೇ ಆಗಿರುತ್ತದೆ. ಹೇಮಾವತಿ ನಾಲೆಯ ನೀರು ಎಲ್ಲಿಯವರೆಗೆ ಬಂತು, ಕೆರೆಗೆ ಬಿಟ್ಟರೋ ಇಲ್ಲವೋ, ಯಾರ ಬೋರು ಎಷ್ಟು ಅಡಿಗೆ ಹೋಯಿತು, ಎಷ್ಟು ಇಂಚು ನೀರು ಸಿಕ್ಕಿತು, ಮಳೆ ಕೈಕೊಟ್ಟ ವರ್ಷ ಎಷ್ಟು ಮರದ ಸುಳಿ ಒಣಗಿತು. ಕೊಬ್ಬರಿಯಿಂದಲೇ ಬದುಕು ಸಾಗುವ ಸೀಮೆಯಲ್ಲಿ ಇದು ಸಹಜ. ಆದರೆ ಇದೇ ಮನೆಗಳ ಹಿಂದೆ ನಾಲ್ಕು ಮಡಿ ಸೊಪ್ಪು, ಎರಡು ಸಾಲು ಬದನೆ, ಬಚ್ಚಲ ಮಗ್ಗುಲಲ್ಲಿ ಚಪ್ಪರಕ್ಕೆ ಹಬ್ಬಿದ ಹೀರೆಯೋ ಚಪ್ಪರದವರೆಯೋ ಇರುತ್ತದೆ. ಪಹಣಿಯ ಬೆಳೆ ಕಾಲಂನಲ್ಲಿ ಅದಕ್ಕೆ ಜಾಗವಿಲ್ಲ. ಅದಕ್ಕೆ ಮೋಟರಿಲ್ಲ, ಮಾರುಕಟ್ಟೆಯ ಧಾರಣೆಯಿಲ್ಲ, ಹೆಚ್ಚಿನ ಮನೆಗಳಲ್ಲಿ ಅದು ಹೆಂಗಸರ ಕೈಕೆಲಸ. ನೀರಾವರಿಯ ಚರ್ಚೆಯಿಂದ ಹಿತ್ತಲು ಹೊರಗೆ ಉಳಿದದ್ದು ಇದೇ ಕಾರಣಕ್ಕೆ ಎಂದು ನನಗೆ ಅನ್ನಿಸುತ್ತದೆ.

ಈ ಲೇಖನದ ವಾದ ಇಷ್ಟು. ಈ ಸೀಮೆಯ ಹಿತ್ತಲಲ್ಲಿ ಮಾರ್ಚ್, ಏಪ್ರಿಲ್‌ನಲ್ಲಿ ತರಕಾರಿ ಬಾಡುತ್ತಿದ್ದರೆ ನೀರಿನ ಕೊರತೆ ಅರ್ಧ ಕಾರಣ ಮಾತ್ರ. ಹಾಕಿದ ನೀರು ತರಕಾರಿಯ ಬೇರಿನ ಬಳಿ ನಿಲ್ಲದಿರುವುದು ಉಳಿದರ್ಧ. ಮನೆಯ ಬಳಕೆಯ ನೀರೇ ಸಣ್ಣ ಕೈತೋಟಕ್ಕೆ ಹೆಚ್ಚು ಕಡಿಮೆ ಸಾಕಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ತೋರಿಸಬಹುದು. ಆದರೆ ಆ ನೀರಿನ ಮೊದಲ ಪಾಲುದಾರ ತೆಂಗಿನ ಮರ. ಅದನ್ನು ಲೆಕ್ಕಕ್ಕೆ ಹಿಡಿಯದ ಯಾವ ಸಲಹೆಯೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ನೆಲ, ಮಳೆ, ಹಳೆಯ ಬರಹ

ರಾಜ್ಯದ 10 ಕೃಷಿ ಹವಾಮಾನ ವಲಯಗಳಲ್ಲಿ ಚಿಕ್ಕನಾಯಕನಹಳ್ಳಿ ಮತ್ತು ತಿಪಟೂರು ತಾಲ್ಲೂಕುಗಳು ಮಧ್ಯ ಒಣ ವಲಯಕ್ಕೆ ಸೇರುತ್ತವೆ. ತುರುವೇಕೆರೆ ದಕ್ಷಿಣ ಒಣ ವಲಯದಲ್ಲಿದೆ. ಮಧ್ಯ ಒಣ ವಲಯದ ವಾರ್ಷಿಕ ಮಳೆ ಸುಮಾರು 450ರಿಂದ 720 ಮಿ.ಮೀ.ವರೆಗೆ. ಅದರಲ್ಲಿ ಹೆಚ್ಚಿನ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳದ್ದು. ಜನವರಿಯಿಂದ ಭರಣಿ, ಕೃತ್ತಿಕೆ ಮಳೆ ಬೀಳುವವರೆಗೆ ಹಿತ್ತಲಿಗೆ ಆಕಾಶದಿಂದ ಏನೂ ಸಿಕ್ಕುವುದಿಲ್ಲ ಎಂದೇ ಹೇಳಬೇಕು. ಮಣ್ಣು ಬಹುಪಾಲು ಕೆಂಪು, ಮರಳು ಬೆರೆತದ್ದು, ಕಂದಿಕೆರೆ, ಹುಳಿಯಾರು ಕಡೆ ಹಲವೆಡೆ ಗರಸು. ಕೊಳವೆಬಾವಿಗಳ ಕಥೆ ಎಲ್ಲರಿಗೂ ಗೊತ್ತಿರುವುದೇ. ಕೇಂದ್ರ ಅಂತರ್ಜಲ ಮಂಡಳಿಯ ಅಂದಾಜುಗಳಲ್ಲಿ ಚಿಕ್ಕನಾಯಕನಹಳ್ಳಿ ತಾಲ್ಲೂಕು ಅತಿಬಳಕೆಯ ಸಾಲಿನಲ್ಲಿ ಕಾಣಿಸಿಕೊಂಡಿದೆ.

ಗಿಡಕ್ಕೆ ನೀರು ಕೊಡುವ ವಿದ್ಯೆಯ ಬಗ್ಗೆ ಕನ್ನಡದಲ್ಲಿ ಬಹಳ ಹಿಂದೆಯೇ ಬರಹವಾಗಿದೆ. ಸುಮಾರು 1025ರಲ್ಲಿ, ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದಲ್ಲಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ನೆಲದಡಿಯ ನೀರನ್ನು ಗುರುತಿಸುವ ವಿಷಯವೂ ವೃಕ್ಷಾಯುರ್ವೇದವೂ ಅಡುಗೆ, ವೈದ್ಯಗಳ ಜೊತೆ ಒಂದೇ ಗ್ರಂಥದಲ್ಲಿ ಬರುತ್ತವೆ. ಮನೆ ನಡೆಸುವವನಿಗೆ ಇವೆಲ್ಲ ಒಟ್ಟಿಗೆ ತಿಳಿದಿರಬೇಕು ಎಂಬ ಎಣಿಕೆ ಅದರ ಹಿಂದಿದೆ. 1800ರಲ್ಲಿ ಚಿಕ್ಕನಾಯಕನಹಳ್ಳಿಯ ಮೂಲಕ ಹಾದುಹೋದ ಫ್ರಾನ್ಸಿಸ್ ಬುಕಾನನ್ ಈ ಸೀಮೆಯ ತೆಂಗು, ಅಡಿಕೆ ತೋಟಗಳನ್ನು ಗಮನಿಸಿದ. ಅವನ ಪ್ರವಾಸ ಕಥನ 1807ರಲ್ಲಿ ಅಚ್ಚಾಯಿತು. ಕಂಪನಿ ಸರ್ಕಾರ ಅವನನ್ನು ಕಳಿಸಿದ್ದು ಬೇಸಾಯ, ಕಸುಬು, ವ್ಯಾಪಾರ ನೋಡಿ ಬರಲು. ಬಚ್ಚಲ ಹಿಂದಿನ ಬಸಳೆ ಚಪ್ಪರ ಅಂಥವನ ಕಣ್ಣಿಗೆ ಬೀಳುವಂಥದ್ದಲ್ಲ.

ಎಷ್ಟು ನೀರು ಬೇಕು

ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್. ಈ ಒಂದು ಸಮೀಕರಣ ಸಾಕು, ಉಳಿದದ್ದೆಲ್ಲ ಗುಣಿಸುವ ಕೆಲಸ. ಒಳನಾಡಿನ ಏಪ್ರಿಲ್ ಬಿಸಿಲಿನಲ್ಲಿ ನೆಲ ಮತ್ತು ಎಲೆಗಳಿಂದ ಆವಿಯಾಗಿ ಹೋಗುವ ನೀರು ದಿನಕ್ಕೆ 5ರಿಂದ 6 ಮಿ.ಮೀ. ಎಂದು ಇಟ್ಟುಕೊಳ್ಳಬಹುದು. ನಾಲ್ಕಡಿ ಅಗಲ, ಹತ್ತಡಿ ಉದ್ದದ ಒಂದು ಮಡಿ ಹತ್ತಿರ ಹತ್ತಿರ 3.7 ಚದರ ಮೀಟರ್. ಅದಕ್ಕೆ ದಿನಕ್ಕೆ 18ರಿಂದ 22 ಲೀಟರ್ ಬೇಕು, ಅಂದರೆ ಪ್ಲಾಸ್ಟಿಕ್ ಬಿಂದಿಗೆಯಲ್ಲಿ ಒಂದೂವರೆ ಬಿಂದಿಗೆ. ದಂಟು, ಮೆಂತ್ಯ, ಬದನೆ, ಬೆಂಡೆ, ಮೆಣಸಿನಕಾಯಿ ಹೀಗೆ ಐದು ಮಡಿ ಇಟ್ಟುಕೊಂಡ ಮನೆಗೆ ದಿನಕ್ಕೆ ಸುಮಾರು 100 ಲೀಟರ್.

ಇನ್ನು ಮನೆಯಿಂದ ಹೊರಗೆ ಹೋಗುವ ನೀರು. ಜಲಜೀವನ್ ಮಿಷನ್ 2019ರಿಂದ ತಲಾ 55 ಲೀಟರ್ ಗುರಿ ಇಟ್ಟುಕೊಂಡಿದೆ. ಅದಕ್ಕೂ ಹಿಂದೆ ಗ್ರಾಮೀಣ ನೀರು ಪೂರೈಕೆಯ ಮಾನದಂಡ ತಲಾ 40 ಲೀಟರ್ ಇತ್ತು. ಅದರ ಒಳವಿಭಾಗದಲ್ಲಿ ಸ್ನಾನಕ್ಕೆ 15, ಪಾತ್ರೆ ಮತ್ತು ಮನೆ ತೊಳೆಯಲು 7 ಲೀಟರ್. ಈ ಹಳೆಯ, ಬಿಗಿಯಾದ ಲೆಕ್ಕವನ್ನೇ ಹಿಡಿಯೋಣ. ಐದು ಜನರ ಮನೆಯಲ್ಲಿ ಸ್ನಾನ ಮತ್ತು ತೊಳೆತದಿಂದ ದಿನಕ್ಕೆ 110 ಲೀಟರ್ ಬಳಸಿದ ನೀರು ಬಚ್ಚಲ ಕಂಡಿಯಿಂದ ಹೊರಗೆ ಬೀಳುತ್ತದೆ. ಮೇಲಿನ 100 ಲೀಟರ್‌ಗೂ ಇದಕ್ಕೂ ಹತ್ತಿರದ ಹೊಂದಿಕೆ ಇದೆ. ಹಳೆಯ ಮನೆಗಳ ಹಿತ್ತಲು ನಾಲ್ಕೈದು ಮಡಿಗಿಂತ ದೊಡ್ಡದಾಗದೆ ಇದ್ದುದಕ್ಕೆ ಜಾಗದ ಕೊರತೆಯೊಂದೇ ಕಾರಣವಾಗಿರಲಾರದು. ಬೇಸಿಗೆಯಲ್ಲಿ ಬಚ್ಚಲು ಎಷ್ಟನ್ನು ಸಾಕಬಲ್ಲದೋ ಅಷ್ಟೇ ಹಿತ್ತಲು ಹಬ್ಬಿತು ಎಂದು ಊಹಿಸಲು ಎಡೆಯಿದೆ.

ಆದರೆ ಪ್ರತಿದಿನ ಎಲ್ಲಕ್ಕೂ ಒಂದೇ ಸಮ ನೀರು ಹಾಕುವುದು ಸರಿಯಲ್ಲ. ಮರಳು ಬೆರೆತ ಕೆಂಪು ಗೋಡು ಮಣ್ಣು ಒಂದು ಮೀಟರ್ ಆಳಕ್ಕೆ ಗಿಡಕ್ಕೆ ಒದಗುವ ನೀರನ್ನು 100ರಿಂದ 120 ಮಿ.ಮೀ. ಹಿಡಿದಿಟ್ಟುಕೊಳ್ಳುತ್ತದೆ, ಗರಸಿದ್ದರೆ ಇನ್ನೂ ಕಡಿಮೆ. ಸೊಪ್ಪಿನ ಬೇರು ಇಳಿಯುವುದು ಹೆಚ್ಚೆಂದರೆ 20 ಸೆಂ.ಮೀ. ಅಷ್ಟು ಮಣ್ಣಿನಲ್ಲಿ 20ರಿಂದ 24 ಮಿ.ಮೀ. ನೀರಿದ್ದರೆ ಅರ್ಧ ಖಾಲಿಯಾಗುವಷ್ಟರಲ್ಲಿ ಎಲೆ ಸೋತುಬೀಳಲು ಶುರುವಾಗುತ್ತದೆ. ಅಂದರೆ ಎರಡು ದಿನದ ಉಸಿರು. ಬೇರು ಅರ್ಧ ಮೀಟರ್ ಇಳಿದ ಬದನೆಗೆ ಅದೇ ಲೆಕ್ಕದಲ್ಲಿ ಐದು ದಿನ. ಆದ್ದರಿಂದ ಸೊಪ್ಪಿನ ಮಡಿಗೆ ದಿನ ಬಿಟ್ಟು ದಿನ, ಬದನೆ, ಮೆಣಸಿನ ಸಾಲಿಗೆ ನಾಲ್ಕು ದಿನಕ್ಕೊಮ್ಮೆ ಪಾತಿ ತುಂಬ. ಎಲ್ಲಕ್ಕೂ ದಿನವೂ ಒಂದೊಂದು ಚೊಂಬು ಚಿಮುಕಿಸುವವರ ಮನೆಯ ಬದನೆ ಬೇರನ್ನು ಮೇಲೆಯೇ ಹರಡಿಕೊಂಡು, ಒಂದು ದಿನ ನೀರು ತಪ್ಪಿದರೂ ತಲೆ ಬಾಗಿಸುತ್ತದೆ. ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಚುಚ್ಚಿ ಹದ ನೋಡುವ ಅಭ್ಯಾಸ ಈ ಲೆಕ್ಕಕ್ಕೆ ಸರಿಯಾಗಿ ಕೂಡಿಕೊಳ್ಳುತ್ತದೆ.

ತೆಂಗಿನ ಪಾಲು

ಹಿತ್ತಲ ಲೆಕ್ಕ ಇಲ್ಲಿಗೇ ಮುಗಿದಿದ್ದರೆ ಈ ಲೇಖನದ ಅಗತ್ಯವೇ ಇರಲಿಲ್ಲ. ಬಯಲುಸೀಮೆಯ ಬೇರೆ ಯಾವ ಊರಿಗೂ ಇದೇ ಲೆಕ್ಕ ನಡೆದೀತು. ಚಿಕ್ಕನಾಯಕನಹಳ್ಳಿಯ ಹಿತ್ತಲಲ್ಲಿ ಮಾತ್ರ ಮರಗಳಿರುತ್ತವೆ, ಒಂದೋ ಎರಡೋ, ಮನೆ ಕಟ್ಟುವ ಮೊದಲೇ ಇದ್ದವು ಅಥವಾ ಬಚ್ಚಲ ನೀರಿಗೆಂದೇ ನೆಟ್ಟವು.

1916ರಲ್ಲಿ ಆರಂಭವಾದ ಕಾಸರಗೋಡಿನ ತೆಂಗು ಸಂಶೋಧನಾ ಕೇಂದ್ರ, ಈಗಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ತೆಂಗಿನ ಬೇರಿನ ಹರವನ್ನು ಅಗೆದು ನೋಡಿ ದಾಖಲಿಸಿದೆ. ಕೆಲಸ ಮಾಡುವ ಬೇರುಗಳಲ್ಲಿ ಬಹುಪಾಲು ಬುಡದಿಂದ 2 ಮೀಟರ್ ಒಳಗೆ ಇರುತ್ತವೆ. ಆಳದಲ್ಲಿ 30ರಿಂದ 120 ಸೆಂ.ಮೀ. ನಡುವೆ. ಆ ಸಂಸ್ಥೆಯ ಶಿಫಾರಸಿನ ಪ್ರಕಾರ ಫೆಬ್ರುವರಿಯಿಂದ ಮೇವರೆಗೆ ಹನಿ ನೀರಾವರಿಯಲ್ಲಿ ಒಂದು ಮರಕ್ಕೆ ದಿನಕ್ಕೆ ಸುಮಾರು 32 ಲೀಟರ್. ಪಾತಿಗೆ ಕೊಡುವುದಾದರೆ ನಾಲ್ಕು ದಿನಕ್ಕೊಮ್ಮೆ 200 ಲೀಟರ್. ಈಗ ಹಿತ್ತಲಿಗೆ ಬನ್ನಿ. ಮರದ ಬುಡಕ್ಕೆ ಆರಡಿಯೊಳಗೆ ಮಡಿ ಮಾಡಿದರೆ ಬಚ್ಚಲ 110 ಲೀಟರ್‌ನಲ್ಲಿ 32ನ್ನು ಮರ ಸಲೀಸಾಗಿ ಎಳೆದುಕೊಳ್ಳಬಲ್ಲದು. ಉಳಿದದ್ದು 78. ಐದು ಮಡಿಗೆ ಬದಲು ನಾಲ್ಕಕ್ಕೂ ಸಾಲದು. ಎರಡು ಮರಗಳಿದ್ದರೆ ಎರಡು ಮಡಿಗಾಗುವಷ್ಟು ನೀರು. ಮನೆಯವರು ‘ಮರ ನೀರೆಳೆಯುತ್ತೆ’ ಎಂದು ಒಂದೇ ಮಾತಿನಲ್ಲಿ ಹೇಳುವುದು ಇದನ್ನೇ. ಸೊಪ್ಪಿನ ಬೇರು ಮೇಲಿನ ಒಂದು ಗೇಣಿನಲ್ಲಿದ್ದರೆ ತೆಂಗಿನದ್ದು ಅದರ ಕೆಳಗೆ ಬಾಯಿ ಒಡ್ಡಿಕೊಂಡಿರುತ್ತದೆ. ಮಡಿಯಿಂದ ಜಾರಿದ ಪ್ರತಿ ಹನಿಯೂ ಅದಕ್ಕೆ.

ಮರವನ್ನು ಶತ್ರುವೆಂದು ಕಾಣಬೇಕಾಗಿಲ್ಲ. ಮಧ್ಯಾಹ್ನ ಮೂರರ ನಂತರದ ಪಡುವಣ ಬಿಸಿಲನ್ನು ಸೋಗೆ ತಡೆಯುವ ಜಾಗದಲ್ಲಿ ಸೊಪ್ಪು ಏಪ್ರಿಲ್‌ನಲ್ಲೂ ಹಸಿರಾಗಿರುತ್ತದೆ. ತೆಂಗಿನ ಕೆಳಗೆ ಹಲವು ಅಂತಸ್ತಿನ ಬೆಳೆಗಳನ್ನು ಕೂಡಿಸುವ ಪದ್ಧತಿಯನ್ನು ನೆಲ್ಲಿಯಟ್, ಬಾವಪ್ಪ, ನಾಯರ್ ಎಂಬ ಕಾಸರಗೋಡಿನ ವಿಜ್ಞಾನಿಗಳು 1974ರಲ್ಲಿ ಪ್ರಕಟಿಸಿದಾಗ ಬೆಳಕಿನ ಲೆಕ್ಕಕ್ಕೆ ಬಹಳ ಮಹತ್ವ ಕೊಟ್ಟಿದ್ದರು. ಎಂಟರಿಂದ ಇಪ್ಪತ್ತೈದು ವರ್ಷದ ಮರಗಳ ಕೆಳಗೆ ನೆರಳು ದಟ್ಟ. ಅದಕ್ಕಿಂತ ಹಳೆಯ, ಎತ್ತರದ ಮರಗಳ ಕೆಳಗೆ ಬೆಳಕು ಸಾಕಷ್ಟು ಇಳಿಯುತ್ತದೆ. ತಿಪಟೂರು ಟಾಲ್ ಎಂದು ಹೆಸರಾದ ಇಲ್ಲಿನ ಎತ್ತರದ ತಳಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಆದರೆ ಮಳೆ ಹೆಚ್ಚಿರುವ ಕರಾವಳಿಯ ಮಾದರಿಯನ್ನು ಇಲ್ಲಿಗೆ ತರುವಾಗ ಬೆಳಕಿಗಿಂತ ಮೊದಲು ಬೇರಿನ ಲೆಕ್ಕ ನೋಡಬೇಕು. ಬುಡದಿಂದ ಎರಡು ಮೀಟರ್ ಬಿಟ್ಟು ಮಡಿ, ಆ ಎರಡು ಮೀಟರ್‌ನೊಳಗೆ ಬಾಳೆ, ಕೆಸು. ಹಾಗೆ ಮಾಡಿದರೆ ಮರಕ್ಕೆ ಹೋಗುವ ನೀರು ಸೋರಿಕೆಯಾಗದೆ ನಾವೇ ತಿಳಿದು ಕೊಟ್ಟ ಪಾಲಾಗುತ್ತದೆ.

ಮಟ್ಟೆ

ಈ ಸೀಮೆಯ ಉಂಡೆ ಕೊಬ್ಬರಿಗೆ ಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ತಿಂಗಳುಗಟ್ಟಲೆ, ಸಾಮಾನ್ಯವಾಗಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗೆ ನೀರು ಇಂಗಿ, ಕೊಬ್ಬರಿ ಕರಟದಿಂದ ಬಿಟ್ಟು ಗುಡುಗುಡು ಸದ್ದು ಮಾಡಿದ ಮೇಲೆ ಸುಲಿತ. ಆಗ ಮನೆಯ ಮುಂದೋ ಕೊಟ್ಟಿಗೆಯ ಪಕ್ಕದಲ್ಲೋ ಒಣ ಮಟ್ಟೆಯ ರಾಶಿ ಬೀಳುತ್ತದೆ. ಅದರಲ್ಲಿ ಒಂದಿಷ್ಟು ನಾರಿನ ಕಾರ್ಖಾನೆಗೆ, ಉಳಿದದ್ದು ಹಂಡೆ ಒಲೆಗೆ. ಹೀಗೆ ಮಟ್ಟೆ ಉರಿದು ಕಾದ ನೀರೇ ಮೈ ತೊಳೆದು ಹಿತ್ತಲಿಗೆ ಬರುತ್ತದೆ, ಅದರ ಬೂದಿ ಅವರೆ ಚಪ್ಪರದ ಹೇನಿಗೆ. ನೀರಿನ ಜೊತೆ ಮಟ್ಟೆಯ ಸಂಬಂಧ ಈಗ ಇಷ್ಟೇ. ಅದಕ್ಕಿಂತ ದೊಡ್ಡ ಕೆಲಸವನ್ನು ಅದು ಮಾಡಬಲ್ಲದು.

ಒಣ ಮಟ್ಟೆ ತನ್ನ ತೂಕದ ಮೂರರಿಂದ ಐದು ಪಟ್ಟು ನೀರು ಹೀರಿಕೊಳ್ಳುತ್ತದೆ. ತೆಂಗಿನ ತೋಟದಲ್ಲಿ ಕಂದಕ ತೋಡಿ ಮಟ್ಟೆ ಹೂಳುವ ಪದ್ಧತಿಯನ್ನು ಕಾಸರಗೋಡಿನ ಸಂಸ್ಥೆ ಬಹಳ ಕಾಲದಿಂದ ಹೇಳುತ್ತ ಬಂದಿದೆ. ಒಮ್ಮೆ ಹೂಳಿದರೆ ಅದರ ಗುಣ ಐದರಿಂದ ಏಳು ವರ್ಷ ಉಳಿಯುತ್ತದೆ. ಅದನ್ನೇ ಸಣ್ಣ ಪ್ರಮಾಣದಲ್ಲಿ ಮಡಿಗೆ ತರಬೇಕು. ಮಡಿಯ ಮಣ್ಣನ್ನು ಒಂದೂವರೆ ಅಡಿ ಅಗೆದು ಪಕ್ಕಕ್ಕೆ ಹಾಕಿ, ತಳದಲ್ಲಿ ಮಟ್ಟೆಗಳನ್ನು ಅಂಗಾತ, ಅಂದರೆ ಬೊಗಸೆ ಮೇಲಾಗಿ, ಒತ್ತೊತ್ತಾಗಿ ಎರಡು ಪದರ ಹಾಸುವುದು. ಅದರ ಮೇಲೆ ಸಗಣಿ ಕದಡಿದ ನೀರು, ಗಂಜಲ ಸಿಕ್ಕರೆ ಗಂಜಲ. ಆಮೇಲೆ ಮುಕ್ಕಾಲು ಅಡಿ ಮಣ್ಣು, ಗೊಬ್ಬರ. ಸಗಣಿ, ಗಂಜಲ ಬಿಡಬಾರದು. ಮಟ್ಟೆಯಲ್ಲಿ ಇಂಗಾಲ ಹೆಚ್ಚು, ಸಾರಜನಕ ತೀರ ಕಡಿಮೆ. ಕೊಳೆಯುವಾಗ ಅದು ಮಣ್ಣಿನ ಸಾರಜನಕವನ್ನು ಎಳೆದುಕೊಂಡು ಮೊದಲ ಬೆಳೆಯ ಎಲೆ ಹಳದಿಯಾಗುತ್ತದೆ. ಮಟ್ಟೆಯನ್ನು ನೆಲದ ಮೇಲೆ ಹೊದಿಕೆಯಾಗಿ ಹಾಸುವಾಗ ಕ್ರಮ ತಿರುವುಮುರುವು: ಬೋರಲು ಹಾಕಬೇಕು, ಬೆನ್ನು ಬಿಸಿಲಿಗೆ. ಇಷ್ಟು ಸಣ್ಣ ವ್ಯತ್ಯಾಸವನ್ನು ಕೈಬಿಟ್ಟು, ಹೊದಿಕೆಯ ಮಟ್ಟೆಯನ್ನೂ ಅಂಗಾತ ಹಾಸಿದರೆ ಚಿಮುಕಿಸಿದ ನೀರು ಬೊಗಸೆಯಲ್ಲೇ ನಿಂತು ಆವಿಯಾಗುತ್ತದೆ, ಮಳೆಗಾಲದಲ್ಲಿ ಸೊಳ್ಳೆಗೆ ತೊಟ್ಟಿಲಾಗುತ್ತದೆ.

ಇದರ ಲಾಭವನ್ನೂ ಅಳೆಯಬಹುದು. ಒಂದು ಕಾಯಿಯ ಒಣ ಮಟ್ಟೆ ಕಾಲು ಕೆ.ಜಿ.ಗೆ ಕಡಿಮೆ ತೂಗುವುದಿಲ್ಲ. ಮೂರು ಪಟ್ಟು ಎಂಬ ಕೆಳಗಿನ ಅಂದಾಜು ಹಿಡಿದರೂ ಒಂದು ಕಾಯಿಗೆ ಮುಕ್ಕಾಲು ಲೀಟರ್. ಒಂದು ಮಡಿಗೆ 80 ಕಾಯಿಯ ಮಟ್ಟೆ ಹಿಡಿಸಿದರೆ 60 ಲೀಟರ್, ಮಡಿಯ ವಿಸ್ತಾರಕ್ಕೆ ಹಂಚಿದರೆ 16 ಮಿ.ಮೀ.ಗೂ ಹೆಚ್ಚು. ಸೊಪ್ಪಿನ ಬೇರಿನ ಆಳದ ಮಣ್ಣು ಬಿಟ್ಟುಕೊಡುವುದು 10ರಿಂದ 12 ಮಿ.ಮೀ. ಎಂದು ಮೇಲೆ ಕಂಡೆವು. ಅಂದರೆ ಮಣ್ಣಿನ ಕೆಳಗೆ ಅದಕ್ಕಿಂತ ದೊಡ್ಡ ಇನ್ನೊಂದು ಉಗ್ರಾಣ ಸಿಕ್ಕಿತು. ಅದರಲ್ಲಿರುವುದೆಲ್ಲ ಬೇರಿಗೆ ದಕ್ಕುವುದಿಲ್ಲ, ನಿಜ; ಅರ್ಧ ದಕ್ಕಿದರೂ ಎರಡು ದಿನದ ಉಸಿರು ಮೂರೂವರೆ ದಿನಕ್ಕೆ ಬೆಳೆಯುತ್ತದೆ. ಮೇಲಿಂದ ಇಳಿದ ನೀರು ತೆಂಗಿನ ಬೇರಿಗೆ ಜಾರುವ ಮೊದಲು ತಡೆಯುವ ಪದರವೂ ಅದೇ. ಎರಡು ಎಚ್ಚರಿಕೆ ಸಾಕು. ಮಡಿ ಪೂರ್ತಿ ಒಣಗಲು ಬಿಟ್ಟರೆ ಗೆದ್ದಲು ಬರುತ್ತದೆ. ಮರದ ಬುಡಕ್ಕೆ ತೀರ ಹತ್ತಿರ ಹೂಳಿದರೆ ತೆಂಗಿನ ಬೇರೇ ಮಟ್ಟೆಯೊಳಗೆ ಮನೆ ಮಾಡಿಕೊಳ್ಳುತ್ತದೆ; ಆ ಮಡಿಯಲ್ಲಿ ಆಮೇಲೆ ತರಕಾರಿಯ ಆಸೆ ಬಿಡಬೇಕು.

ಬೇಸಿಗೆಯ ಮಡಿಯನ್ನು ಏರಿ ಮಾಡುವ ರೂಢಿಯನ್ನೂ ಇಲ್ಲಿ ಪ್ರಶ್ನಿಸಬೇಕಾಗಿದೆ. ನೀರು ನಿಲ್ಲುವ ಮಳೆಗಾಲಕ್ಕೆ ಏರುಮಡಿ ಸರಿ. ಜನವರಿಯ ನಂತರ ಸುತ್ತ ಬದು ಕಟ್ಟಿದ ತಗ್ಗು ಮಡಿಯೇ ಲೇಸು. ಅಮೆರಿಕದ ನ್ಯೂ ಮೆಕ್ಸಿಕೊದ ಒಣನಾಡಿನಲ್ಲಿ ಝೂನಿ ಜನ ಇಂಥ ಚೌಕ ಚೌಕದ ತಗ್ಗು ಮಡಿಗಳಲ್ಲೇ ಬಿಂದಿಗೆ ನೀರಿನಿಂದ ತರಕಾರಿ ಬೆಳೆದುಕೊಂಡವರು.

ಸಾಬೂನು, ಸಮಯ, ಮಡಕೆ

ಶೆಟ್ಟಿಕೆರೆ, ಹಂದನಕೆರೆ ಕಡೆಯ ಹಳೆಯ ಮನೆಗಳಲ್ಲಿ ಬಚ್ಚಲ ಕಲ್ಲುಚಪ್ಪಡಿಯ ಮೂಲೆಯ ಕಂಡಿಯಿಂದ ಗೇಣಗಲದ ಕಾಲುವೆಯೊಂದು ಹೊರಡುತ್ತದೆ. ಗುದ್ದಲಿಯಲ್ಲಿ ಒಂದು ಹೆಂಟೆ ಮಣ್ಣನ್ನು ಅತ್ತ ಎಳೆದರೆ ನೀರು ಬಾಳೆಗೆ, ಇತ್ತ ಎಳೆದರೆ ಬದನೆಗೆ. ಸೀಗೆಪುಡಿ, ಕಡಲೆಹಿಟ್ಟು, ಪಾತ್ರೆಗೆ ಬೂದಿ ಇದ್ದ ಕಾಲಕ್ಕೆ ಇಷ್ಟು ಸಾಕಿತ್ತು. ಈಗಿನ ಬಟ್ಟೆ ಪುಡಿಗಳಲ್ಲಿ ಸೋಡಿಯಂ ಲವಣ ಹೇರಳ. ಅದು ತಿಂಗಳುಗಟ್ಟಲೆ ಬಿದ್ದರೆ ಕೆಂಪು ಮಣ್ಣಿನ ಮೇಲ್ಪದರ ಹೆಪ್ಪುಗಟ್ಟಿ ನೀರು ಇಳಿಯದೆ ಪಕ್ಕಕ್ಕೆ ಹರಿಯುತ್ತದೆ, ಎಲೆಯಂಚು ಸುಟ್ಟಂತಾಗುತ್ತದೆ. ಬಟ್ಟೆ ನೊರೆಯ ಮೊದಲ ನೀರು ಬಾಳೆ, ತೆಂಗಿಗೆ. ಜಾಲಾಡಿದ ನೀರು ಮತ್ತು ಸ್ನಾನದ ನೀರು ಬದನೆ, ಬೆಂಡೆ, ಚಪ್ಪರದ ಬಳ್ಳಿಗಳ ಬುಡಕ್ಕೆ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿಗೆ ಯಾವ ಬಚ್ಚಲ ನೀರೂ ಬೇಡ. ಎಲೆಯ ಮೇಲೆ ಎರಚುವುದಂತೂ ಕೂಡದು. ವಾರಕ್ಕೊಮ್ಮೆ ಶುದ್ಧ ನೀರು ಕೊಟ್ಟರೆ ಲವಣ ಕೆಳಗಿಳಿಯುತ್ತದೆ. ಉಳಿದದ್ದನ್ನು ಹಿಂಗಾರು ಮಳೆ ತೊಳೆಯುತ್ತದೆ.

ಉರಿಬಿಸಿಲಲ್ಲಿ ನೀರು ಹಾಕಿದರೆ ಹನಿಗಳು ಭೂತಗನ್ನಡಿಯಂತೆ ಎಲೆ ಸುಡುತ್ತವೆ ಎಂಬ ನಂಬಿಕೆ ಇಲ್ಲೂ ಇದೆ, ಯುರೋಪಿನಲ್ಲೂ ಇದೆ. ಹಂಗೇರಿಯ ಗಾಬೋರ್ ಹೊರ್ವಾತ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ನುಣುಪು ಎಲೆಗಳ ಮೇಲಿನ ಹನಿ ಹಾಗೆ ಸುಡುವುದಿಲ್ಲವೆಂದು ಕಂಡುಬಂತು. ರೋಮವುಳ್ಳ ಎಲೆಯಲ್ಲಿ ಮಾತ್ರ ಆ ಸಾಧ್ಯತೆ. ನಡುಹಗಲಲ್ಲಿ ನೀರು ಹಾಕಬಾರದೆಂಬುದಕ್ಕೆ ನಿಜವಾದ ಕಾರಣ ಆವಿ, ಮತ್ತು ಬಿಸಿಲಲ್ಲಿ ಬಿದ್ದಿದ್ದ ಪೈಪಿನೊಳಗಿನ ಸುಡುನೀರು. ಬೆಳಗಿನ ಸ್ನಾನದ ನೀರು ಬೆಳಿಗ್ಗೆಯೇ ಮಡಿಗೆ ಹೋಗುವುದರಿಂದ ಬಚ್ಚಲನ್ನು ನಂಬಿದ ಹಿತ್ತಲಿಗೆ ಸಮಯದ ತೊಡಕಿಲ್ಲ. ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟನ್ನು ನಂಬಿದವರಿಗೆ ಆ ಭಾಗ್ಯವಿಲ್ಲ; ದಿನಕ್ಕೆ ಏಳು ಗಂಟೆ ಕೊಡುವ ಕರೆಂಟು ಮಧ್ಯಾಹ್ನ ಬಂದರೆ ಮಧ್ಯಾಹ್ನ, ನಡುರಾತ್ರಿ ಬಂದರೆ ನಡುರಾತ್ರಿ.

ಮಡಕೆ ಹೂಳಿ ನೀರುಣಿಸುವ ಕ್ರಮ ಬಹಳ ಹಳೆಯದು. ಕ್ರಿಸ್ತಪೂರ್ವ ಒಂದನೇ ಶತಮಾನದ ಚೀನಾದ ಫಾನ್ ಶೆಂಗ್‌ಜಿಯ ಕೃಷಿಗ್ರಂಥದಲ್ಲಿ ಅದರ ವಿವರವಿದೆ. ನಮ್ಮಲ್ಲಿ ಕರ್ನಾಲ್‌ನ ಮಣ್ಣಿನ ಲವಣತೆ ಸಂಶೋಧನಾ ಸಂಸ್ಥೆಯ ಆರ್. ಸಿ. ಮಂಡಲ್ 1970ರ ದಶಕದಲ್ಲಿ ಪ್ರಯೋಗ ನಡೆಸಿದರು. ಸೋರೆ, ಕುಂಬಳ, ಹೀರೆಯಂಥ ದೂರದೂರದ ಗುಣಿಗಳಿಗೆ ಅದು ಒಳ್ಳೆಯದು. ಆದರೆ ಇಲ್ಲಿನ ಗಡಸು ಬೋರ್ ನೀರಿನ ಸುಣ್ಣದಂಶ ಮಡಕೆಯ ರಂಧ್ರಗಳನ್ನು ಬೇಗ ಕಟ್ಟಿಬಿಡುತ್ತದೆ. ಸಾಬೂನಿನ ನೀರನ್ನು ಮಡಕೆಗೆ ತುಂಬುವಂತೆಯೇ ಇಲ್ಲ. ಹಾಗಾಗಿ ಈ ಸೀಮೆಗೆ ಮಡಕೆ ಎರಡನೇ ಸಾಧನ, ಮಟ್ಟೆ ಮೊದಲನೆಯದು.

ಉದ್ಯೋಗ ಖಾತರಿ ಯೋಜನೆಯಡಿ ರಾಜ್ಯದ ಗ್ರಾಮ ಪಂಚಾಯ್ತಿಗಳು ಮನೆಮನೆಗೆ ಬಚ್ಚಲುಗುಂಡಿ ಮಾಡಿಸಿವೆ. ಅದೇ ಯೋಜನೆಯಡಿ ಪೌಷ್ಟಿಕ ಕೈತೋಟಕ್ಕೂ ನೆರವು ಸಿಕ್ಕಿದೆ. ಮೊದಲನೆಯದು ಬಳಸಿದ ನೀರನ್ನು ನೆಲದೊಳಗೆ ಇಳಿಸುತ್ತದೆ, ಎರಡನೆಯದು ಅದೇ ಮನೆಯಿಂದ ಹೊಸ ನೀರು ಕೇಳುತ್ತದೆ. ಮನೆಯೊಂದಕ್ಕೆ ಎರಡು ಕಡತಗಳ ಬದಲು ಒಂದೇ ನಕ್ಷೆ ಇರಲಿ: ಕಂಡಿಯಿಂದ ಕಾಲುವೆ, ಕಾಲುವೆಯ ತುದಿಗೆ ಮಟ್ಟೆ ಹೂಳಿದ ತಗ್ಗು ಮಡಿಗಳು, ಮರದಿಂದ ಎರಡು ಮೀಟರ್ ಅಂತರ, ಹೆಚ್ಚಾದ ನೀರಿಗೆ ಮಾತ್ರ ಗುಂಡಿ. ಮಾದರಿ ಮಡಿಗಳನ್ನು ಹಾಕಿ, ಹಾಕಿದ ನೀರನ್ನೂ ಬಂದ ಬೆಳೆಯನ್ನೂ ಅಳೆದು ನೋಡಲು ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕಿಂತ ತಕ್ಕ ಜಾಗ ಇನ್ನೊಂದಿಲ್ಲ. ಬರುವ ಜನವರಿಗೆ ಮುಂಚೆ ಆ ಕೆಲಸ ಕೈಗೆತ್ತಿಕೊಳ್ಳಬೇಕೆಂದು ಕೇಂದ್ರವನ್ನೂ ಮೂರು ತಾಲ್ಲೂಕುಗಳ ಪಂಚಾಯ್ತಿಗಳನ್ನೂ ಕೋರುತ್ತೇನೆ.